ಸೊಟ್ಟ ಬಾಯಿಗೆ ಮೂರೇ ದಿನದ ಗಡುವು

'ಕಾಫಿ ಕುಡುದ್ರ ಒಂದು ಮಗ್ಗುಲಿಂದ ಸೋರೋಯ್ತಿತ್ತು ಕನಣ್ಣ' ಎನ್ನುತ್ತ ಹನೂರು ಸೀಮೆಯ ಆ ಹೆಣ್ಣುಮಗಳು ಸೆರಗಿನ ತುದಿಯಿಂದ ಬಲಗಣ್ಣು ಒತ್ತಿಕೊಂಡರು. ಕೊಳ್ಳೇಗಾಲದ ನೆಂಟರ ಮನೆಯ ಜಗಲಿಯಲ್ಲಿ ಸಿಕ್ಕವರು. ಆ ಕಣ್ಣಿನ ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ. ರಾತ್ರಿ ಪ್ಲಾಸ್ಟರ್ ಅಂಟಿಸಿಕೊಂಡು ಮಲಗುತ್ತಾರೆ. ನಗು ಬಂದರೆ ಅಂಗೈ ತಾನಾಗಿ ಬಾಯಿಗೆ ಅಡ್ಡ ಹೋಗುತ್ತದೆ. ಕೊರಳಲ್ಲಿ ತಾಳಿಯ ಜತೆಗೊಂದು ತಾಯತ.

ಕೊಳ್ಳೇಗಾಲವೆಂದರೆ ಮಾಟಮಂತ್ರ ಅನ್ನುವ ಹೆಸರು ನಾಡಿಗೆಲ್ಲ ಗೊತ್ತು. ಪಾಪ, ಊರಿನವರಿಗೆ ತಮ್ಮ ರೇಷ್ಮೆಯ ಮಾತಾಡಬೇಕೆಂಬ ಆಸೆ. ಆದರೂ ಆ ತಾಯತ ನನ್ನ ತಲೆಯಿಂದ ಇಳಿಯಲೊಲ್ಲದು. ಆಕೆಗೆ ಬಂದಿರುವ, ಮುಖದ ನರ ಸೋಲುವ ಬೆಲ್ಸ್ ಪಾಲ್ಸಿಯಷ್ಟು ಮಂತ್ರವಾದಿಗೆ ಒದಗಿಬರುವ ಕಾಯಿಲೆ ಇನ್ನೊಂದಿರಲಾರದು. ರಾತ್ರಿ ಬೆಳಗಾಗುವುದರಲ್ಲಿ ಮುಖ ಸೊಟ್ಟಗಾಗುತ್ತದೆ. 'ಗಾಳಿ ಸೋಕು' ಎಂದರೆ ಮನೆಮಂದಿ ನಂಬುತ್ತಾರೆ. ಏನೂ ಮಾಡದಿದ್ದರೂ 100ರಲ್ಲಿ 70–80 ಮಂದಿಗೆ ಕೆಲವು ತಿಂಗಳಲ್ಲಿ ವಾಸಿಯಾಗುತ್ತದೆ. ಹೆಸರು ತಾಯತಕ್ಕೆ! ವಾಸಿಯಾಗದವರು ನೆರೆಹೊರೆಯ ಕಣ್ಣಿಗೆ ಬೀಳದಂತೆ ಒಳಗಿದ್ದುಬಿಡುತ್ತಾರೆ. ಹೊರಜಿಲ್ಲೆಯವರು ಮಂತ್ರಕ್ಕೆಂದು ಇಲ್ಲಿಗೆ ಬಂದರೆ, ಇಲ್ಲಿಯವರು ನರರೋಗ ತಜ್ಞರಿಗಾಗಿ ಮೈಸೂರಿನ ಬಸ್ಸು ಹತ್ತುತ್ತಾರೆ.

ಈ ಕಾಯಿಲೆಗೆ ಹೆಸರಾದ ಚಾರ್ಲ್ಸ್ ಬೆಲ್ ಮುಖದ ನರವನ್ನು ವಿವರಿಸಿದ್ದು 1821ರಲ್ಲಿ. 2007ರಲ್ಲಿ ಅವನದೇ ಸ್ಕಾಟ್ಲೆಂಡಿನ ಪ್ರಯೋಗವೊಂದು ಪ್ರಕಟವಾಯಿತು. 72 ಗಂಟೆಯೊಳಗೆ ಪ್ರೆಡ್ನಿಸೊಲೋನ್ ಮಾತ್ರೆ ಶುರು ಮಾಡಿದವರಲ್ಲಿ ಒಂಬತ್ತು ತಿಂಗಳಿಗೆ ಶೇ 94 ಮಂದಿ ಪೂರ್ತಿ ಚೇತರಿಸಿಕೊಂಡಿದ್ದರು. ಆ ಮಾತ್ರೆ ಇಲ್ಲದವರಲ್ಲಿ ಶೇ 82. ಮಾತ್ರೆಯ ಬೆಲೆ ಕೆಲವೇ ರೂಪಾಯಿ. ಹನೂರಿನ ಈಕೆ ಡಾಕ್ಟರ ಮುಂದೆ ಕೂತದ್ದು ಎರಡನೇ ವಾರದಲ್ಲಿ.

ಆಮೇಲಿನದು ಕಾರ್ಡಿನ ಕಥೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಆದರೆ ಅದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗೆ. ಬಾಯಿ ಸೊಟ್ಟಗಾದವರನ್ನು ಸಾಮಾನ್ಯವಾಗಿ ಯಾರೂ ದಾಖಲು ಮಾಡಿಕೊಳ್ಳುವುದಿಲ್ಲ. ಕಣ್ಣಿನ ಹನಿ, ತಿಂಗಳುಗಟ್ಟಲೆ ಫಿಸಿಯೊಥೆರಪಿ ಎಲ್ಲ ಹೊರರೋಗಿಯ ಲೆಕ್ಕ. ಹೆಂಗಸರಿಗೆ ಉಚಿತ ಬಸ್ಸಿನ ಶಕ್ತಿ ಯೋಜನೆಯ ಮಾತೆತ್ತಿದೆ. 'ಬಸ್ಸೇನೊ ಬಿಟ್ಟಿ, ಕೂಲಿ ಯಾರ್ ಕೊಟ್ಟರು?' ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಕೊಳ್ಳೇಗಾಲ, ಯಳಂದೂರು, ಹನೂರು ಈ ಮೂರು ತಾಲ್ಲೂಕೂ ಒಂದೇ ತೂಕದವಲ್ಲ. ಯಳಂದೂರಿನವರಿಗೆ 2016ರಲ್ಲಿ ಶುರುವಾದ ಚಾಮರಾಜನಗರದ ಮೆಡಿಕಲ್ ಕಾಲೇಜು ಹತ್ತಿರ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವಿದೆ. ಹನೂರಿನ ಕಾಡಂಚಿನ ಇಂಡಿಗನತ್ತದಂಥ ಊರಿನವರು ಮೊದಲು ಮಾದಪ್ಪನ ಬೆಟ್ಟಕ್ಕೆ ಬರಬೇಕು, ಅಲ್ಲಿಂದ ಕೊಳ್ಳೇಗಾಲಕ್ಕೇ ಎಪ್ಪತ್ತು ಕಿ.ಮೀ. ಮೇಲೆ. ಬ್ರಿಟನ್ನಿನಲ್ಲೂ ಈ ರೋಗಿಗಳಿಗೆ ಊರಿಗೊಂದು ನ್ಯಾಯವೆಂಬ ದೂರಿದೆಯಂತೆ. ಅಲ್ಲಿ ರೋಗಿಯನ್ನು ಹೊರಲು ಡೋಲಿ ಕಟ್ಟಬೇಕಾಗಿಲ್ಲ, ಅಷ್ಟೇ.

ತಾಲ್ಲೂಕಿಗೊಬ್ಬ ನರತಜ್ಞ ಬೇಕೆಂದು ನಾನು ಕೇಳುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆ ಮಾತ್ರೆ, ವಾರಕ್ಕೊಮ್ಮೆ ಬರುವ ಫಿಸಿಯೊಥೆರಪಿಸ್ಟ್, ಇಷ್ಟಾದರೂ ಸಾಕು. ಓದುಗರಿಗೊಂದು ಮಾತು: ಬಾಯಿ ಸೊಟ್ಟಗಾಗಿ ಕೈಕಾಲೂ ಸೋತಿದ್ದರೆ, ಮಾತು ತೊದಲಿದರೆ 108ಕ್ಕೆ ಫೋನ್ ಮಾಡಿ. ಹಣೆಯೂ ಸೇರಿ ಅರ್ಧ ಮುಖ ಮಾತ್ರ ಸೋತಿದ್ದರೂ ಅದೇ ದಿನ ಡಾಕ್ಟರಿಗೆ ತೋರಿಸಿ. ಸಕ್ಕರೆ ಕಾಯಿಲೆ ಇದ್ದರೆ ಮರೆಯದೆ ಹೇಳಿ. ಈ ಮಾತ್ರೆ ರಕ್ತದ ಸಕ್ಕರೆ ಏರಿಸುತ್ತದೆ.