ಬ್ರೇಕಿನಲ್ಲಿ ಚೌಕಾಸಿ ಬೇಡ!

ಬ್ಯಾಡಗಿಯ ಮೆಣಸಿನಕಾಯಿ ಪೇಟೆ ತುಂಬಿ ತುಳುಕುವ ಜನವರಿಯಿಂದ ಮಾರ್ಚ್‌ವರೆಗೆ ಹಾವೇರಿ, ಮೋಟೆಬೆನ್ನೂರು, ರಾಣೇಬೆನ್ನೂರು ರಸ್ತೆಗೆ ಬಿಡುವೆಂಬುದಿಲ್ಲ. ಲಾರಿ, ಪಿಕಪ್, ಟೆಂಪೋ ಎಲ್ಲವೂ ಚೀಲ ಹೇರಿಕೊಂಡು ಓಡುತ್ತವೆ. ಗಾಡಿಗೆ ಎಷ್ಟು ಚೀಲ ಹಿಡಿಯುತ್ತವೆ ಎಂದು ಎಲ್ಲರೂ ಲೆಕ್ಕ ಹಾಕುತ್ತಾರೆ. ಹೇರಿದ ಗಾಡಿ ಹೊತ್ತಿಗೆ ಸರಿಯಾಗಿ ನಿಂತೀತೇ ಎಂದು ಲೆಕ್ಕ ಹಾಕುವವರು ಕಡಿಮೆ.

ಬಿಡಿಭಾಗದ ಅಂಗಡಿಗಳಲ್ಲಿ ಮತ್ತೆ ಮತ್ತೆ ಕೇಳುವ ಮಾತು ಒಂದೇ: "ಸಾವಕಾರ್ರ, ಕಡಿಮಿ ರೇಟಿಂದು ಪ್ಯಾಡ್ ಇದ್ರ ಕೊಡ್ರಿ. ಸೀಜನ್ ಮುಗದ ಮ್ಯಾಲೆ ಛಲೋದು ಹಾಕಿಸಿದ್ರಾತು." ಆದರೆ ಬ್ರೇಕಿಗೆ ಹೆಚ್ಚು ಕೆಲಸ ಬೀಳುವುದೇ ಸೀಜನ್ನಿನಲ್ಲಿ!

ಸಣ್ಣ ಸರಕು ಗಾಡಿಗಳಲ್ಲಿ ಸಾಮಾನ್ಯವಾಗಿ ಮುಂದಿನ ಗಾಲಿಗೆ ಡಿಸ್ಕ್, ಹಿಂದಿನದಕ್ಕೆ ಡ್ರಮ್. ಗಾಡಿಯ ವೇಗ ಎರಡು ಪಟ್ಟಾದರೆ ಬ್ರೇಕ್ ನುಂಗಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಅದೆಲ್ಲ ಕಾವಾಗಿ ಡಿಸ್ಕಿಗೂ ಪ್ಯಾಡಿಗೂ ಇಳಿಯುತ್ತದೆ. ಕಳಪೆ ಪ್ಯಾಡು ಕಾದಾಗ ಹಿಡಿತ ಬಿಡುತ್ತದೆ. ಆಗ ಪೆಡಲ್ ಎಷ್ಟು ತುಳಿದರೂ ಗಾಡಿ ಮುಂದೆ ಹೋಗುತ್ತಲೇ ಇರುತ್ತದೆ.

2024ರ ಜೂನ್ 28ರ ನಸುಕಿನಲ್ಲಿ ಇದೇ ಹೆದ್ದಾರಿಯ ಗುಂಡೇನಹಳ್ಳಿ ಕ್ರಾಸ್ ಬಳಿ ನಿಂತ ಲಾರಿಗೆ ಟೆಂಪೋ ಟ್ರಾವೆಲರ್ ಗುದ್ದಿ 13 ಮಂದಿ ಸತ್ತದ್ದನ್ನು ಜಿಲ್ಲೆಯ ಜನ ಮರೆತಿಲ್ಲ. ಆ ಗಾಡಿಯ ಬ್ರೇಕಿನ ಮೇಲೆ ತಪ್ಪು ಹೊರಿಸುವ ಮಾತಲ್ಲ ಇದು. ಗಂಟೆಗೆ 80 ಕಿ.ಮೀ. ವೇಗದ ಗಾಡಿ ಒಂದೇ ಸೆಕೆಂಡಿಗೆ 22 ಮೀಟರ್ ಓಡುತ್ತದೆಂಬುದನ್ನು ನೆನಪಿಡಬೇಕು. ಅಂಥ ಹೊತ್ತಿನಲ್ಲಿ ಉಳಿಸಿದ ನೂರಿನ್ನೂರು ರೂಪಾಯಿ ಯಾವ ಲೆಕ್ಕಕ್ಕೆ?

ಕೊಳ್ಳುವಾಗ ಏನು ನೋಡಬೇಕು? ಮೊದಲು ಗಾಡಿಯ ಮಾಡೆಲ್, ವರ್ಷ ಹೇಳಿ, ಹಳೆಯ ಪ್ಯಾಡನ್ನು ಹೊಸದರ ಪಕ್ಕ ಇಟ್ಟು ತಾಳೆ ನೋಡಬೇಕು. "ಇದೂ ಕೂಡತೈತಿ" ಎಂಬ ಮಾತಿಗೆ ಮರುಳಾಗಬಾರದು. ಡಬ್ಬಿಯ ಮೇಲೆ ತಯಾರಕರ ಹೆಸರು, ಪಾರ್ಟ್ ನಂಬರ್ ಇರಬೇಕು, ಬಿಲ್ಲು ಕೇಳಿ ಪಡೆಯಬೇಕು. ಪ್ಯಾಡಿನ ಮಸಾಲೆ ಸವೆದು 3 ಮಿಲಿಮೀಟರಿಗೆ ಇಳಿದರೆ ಬದಲಿಸುವುದೇ ಲೇಸು. ಒಂದೇ ಗಾಲಿಗೆ ಹಾಕಿಸಿ ಕೈಬಿಟ್ಟರೆ ಗಾಡಿ ಒಂದು ಕಡೆ ಎಳೆಯುತ್ತದೆ. ಎಡ-ಬಲ ಎರಡಕ್ಕೂ ಒಟ್ಟಿಗೇ ಹಾಕಿಸಬೇಕು.

ಡಿಸ್ಕಿನ ಅಂಚಿನಲ್ಲೋ ನಡುಭಾಗದಲ್ಲೋ ಕನಿಷ್ಠ ದಪ್ಪ ಎಷ್ಟೆಂದು ಕೆತ್ತಿರುತ್ತದೆ. ಮಿಸ್ತ್ರಿಯಿಂದ ಅಳತೆ ಮಾಡಿಸಿರಿ. ಅದಕ್ಕಿಂತ ತೆಳುವಾಗಿದ್ದರೆ ಲೇಥಿಗೆ ಕೊಟ್ಟು ನುಣುಪು ಮಾಡಿಸಿದರೂ ಪ್ರಯೋಜನವಿಲ್ಲ, ಇನ್ನಷ್ಟು ತೆಳುವಾಗುತ್ತದೆ ಅಷ್ಟೆ. ಬ್ರೇಕ್ ಹಾಕಿದಾಗ ಪೆಡಲ್ ನಡುಗಿದರೆ ಡಿಸ್ಕ್ ಎಲ್ಲ ಕಡೆ ಒಂದೇ ಸಮ ಸವೆದಿಲ್ಲವೆಂದು ಅನುಮಾನಿಸಬೇಕು.

ಹೊಸ ಡಿಸ್ಕಿಗೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿರುತ್ತಾರೆ. ಅದನ್ನು ಪೂರಾ ತೆಗೆಯದೆ ಕೂಡಿಸಿದರೆ ಹೊಸ ಪ್ಯಾಡೂ ಹಾಳು. ಒಳಗಿನ ಪ್ಯಾಡೊಂದೇ ಬೇಗ ಸವೆದಿದ್ದರೆ ಕ್ಯಾಲಿಪರಿನ ಪಿನ್ ಬಿಗಿದಿದೆಯೇ ನೋಡಿಸಬೇಕು. ಬ್ರೇಕ್ ಧೂಳನ್ನು ಗಾಳಿ ಊದಿ ಹಾರಿಸಬಾರದು, ಎದೆಗೆ ಒಳ್ಳೆಯದಲ್ಲ. ಹೊಸ ಪ್ಯಾಡು ಹಾಕಿದ ಮೊದಲ ದಿನಗಳಲ್ಲಿ ಮೆಲ್ಲನೆ ಬ್ರೇಕ್ ಹಾಕಿ ಹೊಂದಿಸಿಕೊಳ್ಳಬೇಕು. ಆ ದಿನವೇ ತುಂಬು ಹೇರು ಬೇಡ.

ಇದು ಮಾಲೀಕರಿಗಷ್ಟೇ ಸೇರಿದ ವಿಷಯವಲ್ಲ. ಪೇಟೆಯ ವ್ಯಾಪಾರಿ ಸರಕು ತುಂಬಿಸುವಾಗ, ಪ್ರಯಾಣಿಕ ಟೆಂಪೋ ಹತ್ತುವಾಗ "ಬ್ರೇಕ್ ಯಾವಾಗ ನೋಡಿಸೀರಿ?" ಎಂದು ಕೇಳಿದರೆ ತಪ್ಪಿಲ್ಲ. ಕಿರ್ರೆಂದು ಕೂಗುವ ಗಾಲಿ ಬಂದರೆ ಅದು ಕೂಗುತ್ತಿರುವುದು ನಿಮ್ಮನ್ನೇ ಎಂದು ತಿಳಿಯಿರಿ. ಓಡುವ ಗಾಡಿಗೆ ಎಂಜಿನ್ ಬೇಕು, ಮನೆ ಮುಟ್ಟುವ ಗಾಡಿಗೆ ಬ್ರೇಕ್ ಬೇಕು.