ಕ್ಯಾರಂ ಎಂಬ ಹೆಸರು ಮತ್ತು ಬಿಲಿಯರ್ಡ್ಸ್ ಆಟಗಳ ಪೂರ್ವೋತ್ತರ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳಲ್ಲಿ ಕ್ಯಾರಂ ಹಲಗೆಯನ್ನು ಕಾಣದ ಬಾಲಕರು ವಿರಳ. ನಾಲ್ಕು ಮೂಲೆಗಳಲ್ಲಿ ಕುಳಿಗಳುಳ್ಳ ಚೌಕದ ಹಲಗೆ. ಒಂಬತ್ತು ಬಿಳಿಯ, ಒಂಬತ್ತು ಕರಿಯ ಬಿಲ್ಲೆಗಳು. ನಡುವೆ ಕೆಂಪು ರಾಣಿ. ಈ ಆಟದ ಹೆಸರು ಯಾವ ಭಾಷೆಯದೆಂದು ಕೇಳಿದರೆ ಇಂಗ್ಲಿಷಿನದೆಂಬ ಉತ್ತರವೇ ಸಾಮಾನ್ಯವಾಗಿ ಬರುವುದು. ಅದು ಅರ್ಧ ಮಾತ್ರ ಸರಿ. ಉಳಿದರ್ಧವನ್ನು ತಿಳಿಯಬೇಕಾದರೆ ಬಿಲಿಯರ್ಡ್ಸ್ ಆಟದ ಚರಿತ್ರೆಯನ್ನು ಕೊಂಚ ವಿಚಾರಿಸಬೇಕಾಗುತ್ತದೆ.

ಈ ಆಟವು 15ನೆಯ ಶತಮಾನದ ಯೂರೋಪಿನಲ್ಲಿ ಹುಲ್ಲುನೆಲದ ಮೇಲೆ ಆಡುತ್ತಿದ್ದ ಚೆಂಡುಕೋಲಾಟದಿಂದ ಹುಟ್ಟಿತು. ಚಳಿ ಮಳೆಗಳ ಕಾಟಕ್ಕೆ ಮನೆಯೊಳಗೆ ಬಂದು ಮೇಜನ್ನೇರಿತು; ಮೇಜಿಗೆ ಹೊದಿಸುವ ಹಸುರು ಬಟ್ಟೆ ಆ ಹುಲ್ಲಿನ ನೆನಪು. ಮೊದಲು ತಲೆದಪ್ಪನೆಯ ಕೋಲಿನಿಂದ ಚೆಂಡನ್ನು ನೂಕುತ್ತಿದ್ದರು. ಚೆಂಡು ಅಂಚಿಗೆ ತಾಗಿ ನಿಂತಾಗ ಕೋಲನ್ನು ತಿರುಗಿಸಿ ಬಾಲದ ಕಡೆಯಿಂದ ಹೊಡೆಯುವರು. ಫ್ರೆಂಚಿನಲ್ಲಿ ಬಾಲಕ್ಕೆ ‘ಕ್ಯೂ’ ಎನ್ನುವುದರಿಂದ ಇಂದಿನ ಕೋಲಿಗೂ ಅದೇ ಹೆಸರು. ಶೇಕ್ಸ್‌ಪಿಯರ್ ಕವಿಯು ‘ಆಂಟನಿ ಮತ್ತು ಕ್ಲಿಯೋಪಾತ್ರ’ ನಾಟಕದಲ್ಲಿ ಈಜಿಪ್ಟಿನ ಆ ರಾಣಿಯ ಬಾಯಲ್ಲಿ ಬಿಲಿಯರ್ಡ್ಸಿನ ಮಾತನ್ನಾಡಿಸಿರುವುದು ಕಾಲವಿರೋಧಕ್ಕೆ ಒಳ್ಳೆಯ ನಿದರ್ಶನ. ಅಧ್ಯಾಪಕರು ತರಗತಿಯಲ್ಲಿ ಬಳಸಿಕೊಳ್ಳಬಹುದು.

‘ಬಿಲಿಯರ್ಡ್’ ಎಂಬುದು ಮರದ ತುಂಡೆಂಬ ಅರ್ಥದ ಫ್ರೆಂಚಿನ ‘ಬಿಯ್’ ಶಬ್ದದಿಂದ ಬಂದುದು. ಆ ಶಬ್ದವನ್ನು ಬರೆಯುವ ಅಕ್ಷರಗಳನ್ನು ನೋಡಿ, ಇದು ನಮ್ಮ ‘ಬಿಲ್ಲೆ’ಯೇ ಎಂದು ಹಿಗ್ಗುವವರುಂಟು. ಧ್ವನಿಸಾಮ್ಯವೊಂದೇ ಬಾಂಧವ್ಯಕ್ಕೆ ಪ್ರಮಾಣವಾಗದು. ಹಾಗೆಯೇ ನಮ್ಮ ಕಾವ್ಯಗಳ ಕಂದುಕಕ್ರೀಡೆಯೇ ಈ ಆಟಕ್ಕೆ ಮೂಲವೆನ್ನುವುದೂ ಯುಕ್ತವಲ್ಲ. ದಂಡಿಯ ದಶಕುಮಾರಚರಿತದಲ್ಲಿ ಕಂದುಕಾವತಿಯು ಆಡುವುದು ಕೈಯಿಂದ ಪುಟಿಸುವ ಚೆಂಡಿನಿಂದ. ಅಲ್ಲಿ ಮೇಜೂ ಇಲ್ಲ, ಕೋಲೂ ಇಲ್ಲ.

ಆದರೆ ಒಂದು ಶಬ್ದದ ವಿಷಯದಲ್ಲಿ ಹೀಗೆ ಕೈಬಿಡಲಾಗದು. ಫ್ರಾನ್ಸಿನಲ್ಲಿ ಕುಳಿಗಳಿಲ್ಲದ ಮೇಜಿನ ಮೇಲೆ ಮೂರು ಚೆಂಡುಗಳ ಆಟವೊಂದು ಪ್ರಚಾರಕ್ಕೆ ಬಂದಿತು. ತನ್ನ ಚೆಂಡು ಉಳಿದೆರಡನ್ನೂ ತಾಗಿದರೆ ಆ ಹೊಡೆತವು ‘ಕ್ಯಾರಂಬೋಲ್’. ಕೆಂಪು ಚೆಂಡಿಗೂ ಅದೇ ಹೆಸರು. ಇಂಗ್ಲಿಷರು ಇದನ್ನು ಮೊಟಕುಮಾಡಿ ‘ಕ್ಯಾರಂ’ ಎಂದರು. ಸ್ಪ್ಯಾನಿಷ್ ಪೋರ್ಚುಗೀಸುಗಳಲ್ಲಿ ‘ಕರಂಬೋಲ’ವೆಂದರೆ ಐದು ಏಣುಗಳುಳ್ಳ ಹುಳಿಹಣ್ಣು, ನಮ್ಮ ಕಮರಾಕ್ಷಿ. ಪೋರ್ಚುಗೀಸರು ಈ ಹೆಸರನ್ನು ಪಶ್ಚಿಮ ಕರಾವಳಿಯಲ್ಲಿ ಮರಾಠಿಯಿಂದ ಪಡೆದರು. ಸಂಸ್ಕೃತದಲ್ಲಿ ಆ ಹಣ್ಣು ಕರ್ಮರಂಗ. ಹಣ್ಣಿನ ಹೆಸರೇ ಚೆಂಡಿಗೆ ಬಂದಿತೆಂದು ನಿಘಂಟುಕಾರರು ಊಹಿಸುತ್ತಾರೆ. ಹಣ್ಣಾದ ಕಮರಾಕ್ಷಿ ಹಳದಿ, ಚೆಂಡು ಕೆಂಪು; ಆದುದರಿಂದ ಈ ಒಂದು ಕೊಂಡಿಯನ್ನು ಸಂಭಾವ್ಯವೆಂದಷ್ಟೇ ಒಪ್ಪುತ್ತೇನೆ. ಹಾಗಿದ್ದರೂ ‘ಕ್ಯಾರಂ’ ಶಬ್ದದ ಮುಂದೆ ‘ಇಂಗ್ಲಿಷ್’ ಎಂದಷ್ಟೇ ಬರೆದು ಮುಗಿಸುವುದು ಕೋಶಕಾರನಿಗೆ ಒಪ್ಪುವುದಿಲ್ಲ.

ಇಂಗ್ಲಿಷ್ ಬಿಲಿಯರ್ಡ್ಸಿನಲ್ಲಿ ಹನ್ನೆರಡು ಅಡಿ ಉದ್ದ, ಆರಡಿ ಅಗಲದ ಮೇಜು, ಆರು ಕುಳಿಗಳು, ಮೂರೇ ಚೆಂಡುಗಳು. ಅಮೆರಿಕದಲ್ಲಿ ಬೆಳೆದ ‘ಪೂಲ್’ ಆಟದ ಮೇಜು ಕಿರಿದು, ಚೆಂಡುಗಳು ಹೆಚ್ಚು; ಆಟಗಾರರೆಲ್ಲ ಕೂಡಿಡುತ್ತಿದ್ದ ಪಣದಿಂದ ಅದಕ್ಕೆ ಆ ಹೆಸರು. ಹಿಂದೆ ಚೆಂಡುಗಳನ್ನು ಆನೆಯ ದಂತದಿಂದ ಕಡೆಯುತ್ತಿದ್ದರು. ಕಾಕನಕೋಟೆಯ ಕಾಡಿನ ನೆರೆಯವರಾದ ನಮಗೆ ಇದನ್ನು ಕೇಳಿದರೆ ಮನಸ್ಸು ಮುದುಡುತ್ತದೆ. 1869ರಲ್ಲಿ ಅಮೆರಿಕದ ಹಯಟ್ ಎಂಬವನು ದಂತಕ್ಕೆ ಬದಲಾಗಿ ಸೆಲ್ಯುಲಾಯ್ಡನ್ನು ಬಳಕೆಗೆ ತಂದನು.

ಸ್ನೂಕರಿನ ಕಥೆ ಕ್ಯಾರಮಿಗೆ ವಿಪರೀತ: ಅಲ್ಲಿ ಶಬ್ದ ಪರದೇಶದ್ದು, ಆಟ ಈ ದೇಶದ್ದು. 1875ರಲ್ಲಿ ಜಬಲ್‌ಪುರದ ಸೈನ್ಯಾಧಿಕಾರಿ ನೆವಿಲ್ ಚೇಂಬರ್ಲೇನ್ (ಮುಂದೆ ಬ್ರಿಟನ್ನಿನ ಪ್ರಧಾನಿಯಾದವನಲ್ಲ) ಪೂಲಿನ ಒಂದು ಪ್ರಭೇದಕ್ಕೆ ಬಣ್ಣದ ಚೆಂಡುಗಳನ್ನು ಸೇರಿಸಿದನು. ಸೈನಿಕ ಶಾಲೆಯ ಹೊಸ ವಿದ್ಯಾರ್ಥಿಯನ್ನು ಹಳಬರು ‘ಸ್ನೂಕರ್’ ಎಂದು ಹಾಸ್ಯಮಾಡುತ್ತಿದ್ದರು. ಗುರಿತಪ್ಪಿದ ಗೆಳೆಯನನ್ನು ಚೇಂಬರ್ಲೇನನು ಹಾಗೆ ಕರೆದುದೇ ಆಟಕ್ಕೆ ಹೆಸರಾಯಿತು. ಇದರ ನಿಯಮಗಳು 1882ರಲ್ಲಿ ವ್ಯವಸ್ಥಿತ ರೂಪಕ್ಕೆ ಬಂದುದು ಉದಕಮಂಡಲದ ಕ್ಲಬ್ಬಿನಲ್ಲಿ. ಎಂದರೆ ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರಗಳನ್ನು ದಾಟಿದರೆ ಸಿಕ್ಕುವ ನೀಲಗಿರಿಯಲ್ಲಿ. ಬೆಂಗಳೂರಿನ ಪಂಕಜ್ ಆಡ್ವಾಣಿಯವರು ವಿಶ್ವ ಹವ್ಯಾಸಿ ಸ್ನೂಕರ್ ಪ್ರಶಸ್ತಿಯನ್ನು ಗೆದ್ದುದು 2003ರಲ್ಲಿ, ಚೀನಾದಲ್ಲಿ.