ಋತುಮಾನದ ಅಲರ್ಜಿ: ಅಂಗಡಿಯ ಔಷಧ ಮತ್ತು ಅದರ ಮಿತಿ

ಮುಂಗಾರು ಮಳೆ ಬಿದ್ದು ಕೆಲವು ವಾರಗಳು ಕಳೆಯುವಷ್ಟರಲ್ಲಿ ಊರಿನ ಖಾಲಿ ನಿವೇಶನಗಳು, ರಸ್ತೆಯ ಬದಿಗಳು ಮತ್ತು ಬೀಳು ಹೊಲಗಳು ಸಣ್ಣ ಬಿಳಿ ಹೂಗಳ ಗಿಡಗಳಿಂದ ತುಂಬಿಕೊಳ್ಳುತ್ತವೆ. ಅದೇ ದಿನಗಳಲ್ಲಿ ಅನೇಕರಿಗೆ ಬೆಳಗಾಗುತ್ತಲೇ ಒಂದರ ಹಿಂದೊಂದು ಸೀನು, ಮೂಗಿನಿಂದ ನೀರು, ಕಣ್ಣು ಮತ್ತು ಅಂಗುಳಿನ ತುರಿಕೆ ಆರಂಭವಾಗುತ್ತವೆ. ಇದನ್ನು ಸಾಮಾನ್ಯ ನೆಗಡಿಯೆಂದು ಬಗೆದು, ಸಮೀಪದ ಔಷಧದ ಅಂಗಡಿಯಲ್ಲಿ ದೊರೆತ ಮಾತ್ರೆಯನ್ನು ನುಂಗಿ ಕೆಲಸಕ್ಕೆ ಹೊರಡುವವರೇ ಹೆಚ್ಚು. ಆ ಮಾತ್ರೆ ಯಾವುದು, ಯಾವ ತೊಂದರೆಗೆ ತಕ್ಕುದು, ಎಷ್ಟು ದಿನ ಸೇವಿಸಬಹುದು ಎಂಬುದನ್ನು ಅರಿತವರು ಕಡಿಮೆ. ಸುಲಭವಾಗಿ ದೊರೆಯುವ ಔಷಧವೆಲ್ಲವೂ ನಿರಪಾಯಕರವೆಂದು ತಿಳಿಯಲಾಗದು.

ನೆಗಡಿಯೋ, ಅಲರ್ಜಿಯೋ?

ನೆಗಡಿಯು ವೈರಾಣುಗಳಿಂದ ಬರುವ ಸೋಂಕು. ಮೈಕೈ ನೋವು, ಗಂಟಲು ನೋವು, ಕೆಲವೊಮ್ಮೆ ಜ್ವರದೊಡನೆ ಕಾಣಿಸಿಕೊಂಡು ಸಾಮಾನ್ಯವಾಗಿ ಏಳರಿಂದ ಹತ್ತು ದಿನಗಳಲ್ಲಿ ಅದು ತಾನಾಗಿಯೇ ಶಮನಗೊಳ್ಳುತ್ತದೆ. ಅಲರ್ಜಿಯಲ್ಲಿ ಜ್ವರವಿರುವುದಿಲ್ಲ, ತುರಿಕೆ ಅದರ ಮುಖ್ಯ ಲಕ್ಷಣ. ಮೂಗಿನಿಂದ ಸುರಿಯುವ ದ್ರವವು ನೀರಿನಂತೆ ತೆಳುವಾಗಿರುತ್ತದೆ. ತೊಂದರೆ ವಾರಗಟ್ಟಲೆ ಮುಂದುವರಿಯುವುದಲ್ಲದೆ, ಪ್ರತಿವರ್ಷ ಹೆಚ್ಚುಕಡಿಮೆ ಅದೇ ಕಾಲದಲ್ಲಿ ಮರುಕಳಿಸುತ್ತದೆ.

ಗಾಳಿಯಲ್ಲಿ ತೇಲಿಬರುವ ಪರಾಗವು ಸ್ವತಃ ವಿಷವಲ್ಲ. ಆದರೆ ಕೆಲವರ ಶರೀರವು ಅದನ್ನು ಶತ್ರುವೆಂದು ಗ್ರಹಿಸಿ, ಅದರ ವಿರುದ್ಧ ವಿಶಿಷ್ಟ ಪ್ರತಿಕಾಯಗಳನ್ನು ಉತ್ಪಾದಿಸುತ್ತದೆ. ಈ ಪ್ರತಿಕಾಯಗಳು ಮೂಗಿನ ಒಳಪೊರೆಯಲ್ಲಿರುವ ಮಾಸ್ಟ್ ಕೋಶಗಳಿಗೆ ಅಂಟಿಕೊಂಡು ಸಿದ್ಧವಾಗಿರುತ್ತವೆ. ಅದೇ ಪರಾಗವು ಮತ್ತೆ ಒಳಹೊಕ್ಕಾಗ ಆ ಕೋಶಗಳು ಹಿಸ್ಟಮಿನ್ ಮುಂತಾದ ರಾಸಾಯನಿಕಗಳನ್ನು ಹೊರಚೆಲ್ಲುತ್ತವೆ. ಸೀನು, ತುರಿಕೆ, ನೀರು ಸುರಿಯುವುದು, ಮೂಗು ಕಟ್ಟುವುದು ಇವೆಲ್ಲವೂ ಅದರ ಪರಿಣಾಮ.

ಪಾರ್ಥೇನಿಯಂ ಎಂಬ ಕಳೆ

ನಮ್ಮಲ್ಲಿ ಇಂತಹ ಅಲರ್ಜಿಗೆ ಕಾರಣವಾಗುವ ಸಸ್ಯಗಳ ಪೈಕಿ ಪಾರ್ಥೇನಿಯಂ ಪ್ರಮುಖವಾದುದು. ಅಮೆರಿಕ ಖಂಡದ ಉಷ್ಣ ಪ್ರದೇಶಗಳ ಈ ಸಸ್ಯವು 1950ರ ದಶಕದ ನಡುವಿನಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟು, ಅಲ್ಲಿಂದೀಚೆಗೆ ದೇಶದ ಬಹುಭಾಗವನ್ನು ವ್ಯಾಪಿಸಿದೆ. ಕನ್ನಡದಲ್ಲಿ ಕಾಂಗ್ರೆಸ್ ಕಳೆಯೆಂದೂ ತೆಲುಗಿನಲ್ಲಿ ವಯ್ಯಾರಿಭಾಮ ಎಂದೂ ಹಿಂದಿಯಲ್ಲಿ ಗಾಜರ್ ಘಾಸ್ ಎಂದೂ ಇದು ಪರಿಚಿತ. ಇದರ ಸ್ಪರ್ಶದಿಂದ ಚರ್ಮದ ಉರಿಯೂತವೂ ಪರಾಗದಿಂದ ಮೂಗಿನ ಅಲರ್ಜಿಯೂ ಉಂಟಾಗಬಲ್ಲವು. ಬೆಂಗಳೂರಿನಲ್ಲಿ ನಡೆದು 1991ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ, ಮೂಗಿನ ಅಲರ್ಜಿ ತರಹದ ತೊಂದರೆಯಿದ್ದ ರೋಗಿಗಳಲ್ಲಿ ಶೇ. 34ರಷ್ಟು ಮಂದಿ ಹಾಗೂ ಅಸ್ತಮಾ ರೋಗಿಗಳಲ್ಲಿ ಶೇ. 12ರಷ್ಟು ಮಂದಿ ಈ ಪರಾಗದ ಚರ್ಮಪರೀಕ್ಷೆಗೆ ಪ್ರತಿಕ್ರಿಯೆ ತೋರಿದರು. ಧೂಳಿನ ನುಸಿ, ಬೂಷ್ಟು ಮತ್ತು ಇತರ ಹುಲ್ಲುಗಳ ಪರಾಗವೂ ಇಂತಹುದೇ ತೊಂದರೆಯನ್ನುಂಟುಮಾಡುತ್ತವೆ.

ಬೆಂಗಳೂರಿನ ಬಡಾವಣೆಯಲ್ಲಿರಲಿ, ಉದ್ಯೋಗ ನಿಮಿತ್ತ ವಿಜಯವಾಡದ ಭವಾನಿಪುರಂನಂತಹ ಕೃಷ್ಣಾತೀರದ ಬಡಾವಣೆಯಲ್ಲಿ ನೆಲೆಸಿರಲಿ, ರೋಗಿಯು ಮೊದಲು ಹೋಗುವುದು ಔಷಧದ ಅಂಗಡಿಗೇ. ಔಷಧ ಮಾರಾಟದ ನಿಯಮಗಳು ಎರಡೂ ಕಡೆ ಒಂದೇ ಆಗಿರುವುದರಿಂದ ಅವುಗಳನ್ನು ತಿಳಿದಿರುವುದು ಎಲ್ಲರಿಗೂ ಉಪಯುಕ್ತ.

ಚೀಟಿಯಿಲ್ಲದೆ ದೊರೆಯುವುದು ಯಾವುದು?

1940ರ ಔಷಧ ಮತ್ತು ಸೌಂದರ್ಯಸಾಧನ ಅಧಿನಿಯಮದಲ್ಲಿ ‘ಚೀಟಿಯಿಲ್ಲದೆ ಮಾರಬಹುದಾದ ಔಷಧ’ ಎಂಬ ಪ್ರತ್ಯೇಕ ವ್ಯಾಖ್ಯೆಯಿಲ್ಲ. 1945ರ ನಿಯಮಗಳಲ್ಲಿ ‘ಎಚ್’ ಮುಂತಾದ ಅನುಸೂಚಿಗಳಿಗೆ ಸೇರಿದ ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಇಂತಹ ಔಷಧಗಳನ್ನು ಪೊಟ್ಟಣದ ಮೇಲಿನ ‘ಆರ್‌ಎಕ್ಸ್’ ಗುರುತಿನಿಂದ ತಿಳಿಯಬಹುದು. ಅಲರ್ಜಿಗೆ ಬಳಸುವ ಹಿಸ್ಟಮಿನ್ ವಿರೋಧಿ ಔಷಧಗಳಲ್ಲಿ ಹಲವು ‘ಜಿ’ ಅನುಸೂಚಿಯಲ್ಲಿವೆ. ವೈದ್ಯರ ನಿಗಾ ಇಲ್ಲದೆ ಇವುಗಳ ಸೇವನೆ ಅಪಾಯಕರ ಎಂಬ ಎಚ್ಚರಿಕೆಯನ್ನು ಅವುಗಳ ಮೇಲೆ ಮುದ್ರಿಸಬೇಕಾಗುತ್ತದೆ. ಸಣ್ಣ ಅಕ್ಷರದ ಈ ಸೂಚನೆಯನ್ನು ಓದುವ ಅಭ್ಯಾಸವೇ ಮೊದಲನೆಯ ರಕ್ಷಣೆ.

ಲಕ್ಷಣಕ್ಕೆ ತಕ್ಕ ಔಷಧ

ಉಪ್ಪುನೀರು: ಎಲ್ಲಕ್ಕಿಂತ ಸರಳವಾದ ಉಪಾಯವೆಂದರೆ ಮೂಗನ್ನು ಉಪ್ಪುನೀರಿನಿಂದ ತೊಳೆಯುವುದು. ಇದರಿಂದ ಅಂಟಿಕೊಂಡ ಪರಾಗ ಮತ್ತು ಲೋಳೆ ಹೊರಬೀಳುತ್ತವೆ. ಅಂಗಡಿಯಲ್ಲಿ ದೊರೆಯುವ ಸಿದ್ಧ ಲವಣದ್ರಾವಣವನ್ನು ಬಳಸಬಹುದು. ಜಲನೇತಿಯನ್ನು ಅಭ್ಯಾಸ ಮಾಡಿರುವವರು ಕುದಿಸಿ ಆರಿಸಿದ ನೀರನ್ನೇ ಬಳಸಬೇಕು. ನಲ್ಲಿಯ ಅಥವಾ ಕೆರೆಯ ಹಸಿ ನೀರು ಮೂಗಿನ ಮೂಲಕ ಒಳಹೋದರೆ ಮಿದುಳಿಗೆ ಮಾರಕವಾದ ಅಮೀಬಾ ಸೋಂಕು ತಗಲುವ ಸಂಭವವುಂಟು; ಅದು ವಿರಳವಾದರೂ ಪ್ರಾಣಾಂತಿಕ.

ಹಿಸ್ಟಮಿನ್ ವಿರೋಧಿ ಮಾತ್ರೆಗಳು: ಸೀನು, ತುರಿಕೆ ಮತ್ತು ನೀರು ಸುರಿಯುವುದಕ್ಕೆ ಇವು ಪರಿಣಾಮಕಾರಿ; ಕಟ್ಟಿದ ಮೂಗನ್ನು ತೆರೆಯುವಲ್ಲಿ ಅಷ್ಟಾಗಿ ಅಲ್ಲ. ಕ್ಲೋರ್‌ಫೆನಿರಮಿನ್, ಡೈಫೆನ್‌ಹೈಡ್ರಮಿನ್ ಮುಂತಾದ ಹಳೆಯ ಔಷಧಗಳು ಮಿದುಳನ್ನು ಪ್ರವೇಶಿಸುವುದರಿಂದ ಮಂಪರು ಕವಿಯುತ್ತದೆ. ರಾತ್ರಿ ಸೇವಿಸಿದ ಮಾತ್ರೆಯ ಪ್ರಭಾವ ಮರುದಿನ ಬೆಳಗ್ಗೆಯೂ ಉಳಿದಿರಬಹುದು. ಸೆಟಿರಿಜಿನ್, ಲೊರಾಟಡಿನ್, ಫೆಕ್ಸೊಫೆನಡಿನ್ ಇವು ನಂತರದ ಪೀಳಿಗೆಯವು. ಇವುಗಳಿಂದ ಮಂಪರು ಕಡಿಮೆ. ಆದರೂ ಸೆಟಿರಿಜಿನ್ ಕೆಲವರಲ್ಲಿ ನಿದ್ರೆ ತರುತ್ತದೆ. ಲಾರಿ, ಬಸ್ಸು, ಆಟೋರಿಕ್ಷಾ ಚಾಲಕರು ಮತ್ತು ಯಂತ್ರಗಳ ಬಳಿ ದುಡಿಯುವವರು ಈ ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಹೊಸ ಮಾತ್ರೆಯನ್ನು ಮೊದಲ ಬಾರಿ ಸೇವಿಸಿದ ದಿನ ವಾಹನ ನಡೆಸದಿರುವುದೇ ಲೇಸು. ಇವುಗಳೊಂದಿಗೆ ಮದ್ಯಸೇವನೆ ಸಲ್ಲದು. ಹಳೆಯ ಬಗೆಯ ಮಾತ್ರೆಗಳಿಂದ, ಪ್ರಾಸ್ಟೇಟ್ ಗ್ರಂಥಿ ಊದಿಕೊಂಡಿರುವ ವೃದ್ಧರಿಗೆ ಮೂತ್ರ ಕಟ್ಟುವ ಹಾಗೂ ಕೆಲವು ಬಗೆಯ ಗ್ಲಾಕೋಮಾ ಇರುವವರಿಗೆ ಕಣ್ಣಿನ ಒತ್ತಡ ಏರುವ ಭಯವಿದೆ.

ಮೂಗು ತೆರೆಯುವ ಹನಿಮದ್ದು: ಆಕ್ಸಿಮೆಟಜೊಲಿನ್ ಅಥವಾ ಝೈಲೊಮೆಟಜೊಲಿನ್ ಇರುವ ಹನಿಗಳು ಊದಿದ ರಕ್ತನಾಳಗಳನ್ನು ಸಂಕುಚಿಸಿ ಕೆಲವೇ ನಿಮಿಷಗಳಲ್ಲಿ ಉಸಿರಾಟವನ್ನು ಸರಾಗಗೊಳಿಸುತ್ತವೆ. ಈ ತಕ್ಷಣದ ಸುಖವೇ ಇವುಗಳ ತೊಡಕು. ಮೂರರಿಂದ ಐದು ದಿನಗಳಿಗಿಂತ ಹೆಚ್ಚು ಬಳಸಿದಲ್ಲಿ, ಹನಿಯ ಪ್ರಭಾವ ಇಳಿದೊಡನೆ ಮೂಗು ಮೊದಲಿಗಿಂತ ಹೆಚ್ಚಾಗಿ ಕಟ್ಟಿಕೊಳ್ಳುತ್ತದೆ. ರೋಗಿಯು ಮತ್ತೆ ಹನಿ ಹಾಕಿಕೊಳ್ಳುತ್ತಾನೆ, ಮೂಗು ಮತ್ತೆ ಕಟ್ಟುತ್ತದೆ. ಹೀಗೆ ತಿಂಗಳುಗಟ್ಟಲೆ ಸೀಸೆಯನ್ನು ಬಿಡಲಾಗದವರು ಅನೇಕರಿದ್ದಾರೆ. ಫೀನೈಲೆಫ್ರಿನ್ ಮೊದಲಾದವುಗಳ ಮಾತ್ರೆಗಳನ್ನು ರಕ್ತದೊತ್ತಡ, ಹೃದ್ರೋಗ ಅಥವಾ ಥೈರಾಯ್ಡ್ ತೊಂದರೆಯುಳ್ಳವರು ವೈದ್ಯರನ್ನು ಕೇಳದೆ ಸೇವಿಸಬಾರದು. ಇದೇ ವರ್ಗದ ಫೀನೈಲ್‌ಪ್ರೊಪನೊಲಮಿನ್ ಎಂಬ ಔಷಧವನ್ನು 2011ರಲ್ಲಿ ನಮ್ಮ ದೇಶದಲ್ಲಿ ನಿಷೇಧಿಸಲಾಯಿತು.

ಸ್ಟೀರಾಯ್ಡ್ ಸಿಂಪಡಿಕೆ: ಪದೇಪದೇ ಬರುವ ಅಲರ್ಜಿಗೆ, ಅದರಲ್ಲಿಯೂ ಮೂಗು ಕಟ್ಟುವಿಕೆಗೆ, ಮೂಗಿಗೆ ಸಿಂಪಡಿಸುವ ಫ್ಲುಟಿಕಾಸೋನ್, ಮೊಮೆಟಾಸೋನ್ ಮುಂತಾದ ಔಷಧಗಳು ಹೆಚ್ಚು ಫಲಕಾರಿ. ಪೂರ್ಣ ಪ್ರಯೋಜನಕ್ಕೆ ಕೆಲವು ದಿನಗಳು ಬೇಕಾಗುತ್ತವೆ. ಕೆಲವು ದೇಶಗಳಲ್ಲಿ ಇವು ಚೀಟಿಯಿಲ್ಲದೆ ದೊರೆಯುತ್ತಿದ್ದರೂ ನಮ್ಮಲ್ಲಿ ವೈದ್ಯರ ಚೀಟಿ ಅವಶ್ಯಕ. ಇವುಗಳಿಗೂ ನುಂಗುವ ಸ್ಟೀರಾಯ್ಡ್ ಮಾತ್ರೆಗಳಿಗೂ ಬಹಳ ವ್ಯತ್ಯಾಸವಿದೆ. ಬೇಗನೆ ಗುಣವಾಗುವುದೆಂಬ ಆಸೆಯಿಂದ ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್ ಮಾತ್ರೆಗಳನ್ನು ತಾವಾಗಿಯೇ ತೆಗೆದುಕೊಳ್ಳುವುದು ಮಧುಮೇಹ, ಮೂಳೆಸವೆತ ಮತ್ತು ಸೋಂಕುಗಳಿಗೆ ದಾರಿ ಮಾಡಿಕೊಡುತ್ತದೆ.

ಹಲವು ಔಷಧಗಳ ಒಂದೇ ಮಾತ್ರೆ

‘ನೆಗಡಿ ಮಾತ್ರೆ’ ಎಂದು ಕೇಳಿದಾಗ ಸಾಮಾನ್ಯವಾಗಿ ದೊರೆಯುವುದು ಪ್ಯಾರಾಸಿಟಮಾಲ್, ಕ್ಲೋರ್‌ಫೆನಿರಮಿನ್ ಮತ್ತು ಫೀನೈಲೆಫ್ರಿನ್ ಬೆರೆತ ಮಾತ್ರೆ. ಜ್ವರವಿಲ್ಲದ ಅಲರ್ಜಿಗೆ ಪ್ಯಾರಾಸಿಟಮಾಲ್‌ನ ಅಗತ್ಯವಿಲ್ಲ. ಇದರೊಡನೆ ತಲೆನೋವಿಗೆಂದು ಮತ್ತೊಂದು ಪ್ಯಾರಾಸಿಟಮಾಲ್ ಮಾತ್ರೆ ನುಂಗಿದರೆ ಅರಿವಿಲ್ಲದೆಯೇ ಪ್ರಮಾಣ ಮೀರಿ ಯಕೃತ್ತಿಗೆ ಹಾನಿಯಾಗಬಹುದು. ಆದುದರಿಂದ ಎರಡು ಪೊಟ್ಟಣಗಳಲ್ಲಿರುವ ಮೂಲ ಔಷಧಗಳ ಹೆಸರನ್ನು ಹೋಲಿಸಿ ನೋಡುವುದು ಅಗತ್ಯ. ಕ್ಲೋರ್‌ಫೆನಿರಮಿನ್ ಮತ್ತು ಫೀನೈಲೆಫ್ರಿನ್ ಬೆರೆತ ಔಷಧವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯು 2023ರ ಡಿಸೆಂಬರ್‌ನಲ್ಲಿ ಸೂಚಿಸಿದೆ. ದೊಡ್ಡವರ ಮಾತ್ರೆಯನ್ನು ಮುರಿದು ಮಕ್ಕಳಿಗೆ ಕೊಡುವ ರೂಢಿಯನ್ನು ಸಂಪೂರ್ಣವಾಗಿ ಕೈಬಿಡಬೇಕು.

ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ಎದೆ ಬಿಗಿದಂತಾಗುವುದು, ಉಸಿರಾಡುವಾಗ ಸುಂಯ್ ಎನ್ನುವ ಸದ್ದು, ರಾತ್ರಿ ಕೆಮ್ಮಿನಿಂದ ಎಚ್ಚರವಾಗುವುದು ಇವು ಅಸ್ತಮಾದ ಸೂಚನೆಗಳಾಗಿರಬಹುದು. ಮೂಗಿನ ಅಲರ್ಜಿಯುಳ್ಳವರಲ್ಲಿ ಅಸ್ತಮಾ ಕಂಡುಬರುವ ಸಂಭವ ಹೆಚ್ಚು. ಅಲರ್ಜಿ ಮಾತ್ರೆಯಿಂದ ಅದು ಹತೋಟಿಗೆ ಬಾರದು. ಉಸಿರು ಕಟ್ಟಿ ಮಾತನಾಡುವುದೂ ಕಷ್ಟವಾದಾಗ, ಅಥವಾ ತುಟಿ, ನಾಲಗೆ ಊದಿಕೊಂಡಾಗ ತಡಮಾಡದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಹೋಗಬೇಕು. ಒಂದೇ ಬದಿಯ ಮೂಗು ಸದಾ ಕಟ್ಟಿರುವುದು, ರಕ್ತ ಬೆರೆತ ಸಿಂಬಳ, ಜ್ವರ, ಎರಡು ವಾರಗಳ ಔಷಧದಿಂದಲೂ ಗುಣ ಕಾಣದಿರುವುದು ಇವೂ ತಪಾಸಣೆಗೆ ತಕ್ಕ ಕಾರಣಗಳು. ಗರ್ಭಿಣಿಯರು ಮತ್ತು ಹಾಲೂಡಿಸುವ ತಾಯಂದಿರು ವೈದ್ಯರ ಸಲಹೆಯಿಲ್ಲದೆ ಯಾವ ಔಷಧವನ್ನೂ ಸೇವಿಸಬಾರದು.

ಮೂಲದಲ್ಲಿಯೇ ತಡೆ

ಔಷಧವು ಲಕ್ಷಣಗಳನ್ನು ಶಮನಗೊಳಿಸಬಲ್ಲದೇ ಹೊರತು ಪರಾಗವನ್ನು ತಡೆಯಲಾರದು. ಹೂ ಬಿಡುವ ಕಾಲದಲ್ಲಿ ಹೊರಗೆ ಹೋಗುವಾಗ ಮೂಗು-ಬಾಯಿಗೆ ಮುಸುಕು ಧರಿಸುವುದು, ಮನೆಗೆ ಮರಳಿದೊಡನೆ ಮುಖ ತೊಳೆದು ಬಟ್ಟೆ ಬದಲಿಸುವುದು, ಬಟ್ಟೆಗಳನ್ನು ಬಯಲಿನಲ್ಲಿ ಒಣಹಾಕದಿರುವುದು ಪ್ರಯೋಜನಕಾರಿ. ಪಾರ್ಥೇನಿಯಂ ಗಿಡವನ್ನು ಹೂ ಬಿಡುವ ಮೊದಲೇ, ಕೈಗವಸು ತೊಟ್ಟು, ಬೇರುಸಹಿತ ಕೀಳಬೇಕು. ಅಲರ್ಜಿಯುಳ್ಳವರು ಈ ಕೆಲಸದಿಂದ ದೂರವಿರಬೇಕು. ಈ ಕಳೆಯ ಎಲೆಗಳನ್ನು ತಿನ್ನುವ ಮೆಕ್ಸಿಕೋ ಮೂಲದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು. ಆದರೂ ಕೀಟವೊಂದರಿಂದಲೇ ಕಳೆ ನಿರ್ಮೂಲವಾಗದು. ಜಬಲ್ಪುರದ ಕಳೆ ಸಂಶೋಧನಾ ನಿರ್ದೇಶನಾಲಯವು ಆಗಸ್ಟ್ 16ರಿಂದ 22ರವರೆಗೆ ಪಾರ್ಥೇನಿಯಂ ಜಾಗೃತಿ ಸಪ್ತಾಹವನ್ನು ನಡೆಸುತ್ತ ಬಂದಿದೆ. ಬಡಾವಣೆಯ ನಿವಾಸಿಗಳು ಒಟ್ಟುಗೂಡಿ ತಮ್ಮ ಸುತ್ತಲಿನ ಖಾಲಿ ನಿವೇಶನಗಳನ್ನು ಶುಚಿಗೊಳಿಸಿದಲ್ಲಿ, ಬರುವ ಋತುವಿನಲ್ಲಿ ಅನೇಕರಿಗೆ ಮಾತ್ರೆಯ ಅಗತ್ಯವೇ ಕಡಿಮೆಯಾದೀತು.